ಎಂಟನೇ ಭಾಗದ ನನ್ನ ಅರ್ಧ

ಹೊಸಪೇಟೆಯ ಪುಸ್ತಕದಂಗಡಿಯವರು ಫೋನ್ ಮಾಡಿ, "ಅಮ್ಮಾರ, ನಿಮ್ಮ ಎಂಟನೇ ಭಾಗ ಬಂದೈತ್ರಿ" ಎಂದಾಗ ನಾನು ಕಂಪ್ಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ರೈಸ್ ಮಿಲ್ಲಿನವರ ಮನೆಯ ಅಕ್ಕಿಯಲ್ಲೂ ಕಲ್ಲಿರುತ್ತದೆ, ಯಾರಿಗೂ ಹೇಳಬೇಡಿ. ಮೊರವನ್ನು ಅಲ್ಲೇ ಬಿಟ್ಟು ಎದ್ದೆ. ಆ ಕಾದಂಬರಿಯ ಏಳನೇ ಭಾಗ ಓದಿ ಮುಗಿಸಿ ಐದು ವರ್ಷವಾಗಿತ್ತು. ಆ ಲೇಖಕ ನಮ್ಮನ್ನು ಎಂಥ ಜಾಗದಲ್ಲಿ ಬಿಟ್ಟು ಹೋಗಿದ್ದನೆಂದರೆ, ಬಾವಿಯೊಳಗಿನ ರಾಜ್ಯದ ಕುಂಟ ಸೇನಾಪತಿಯ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ಗಾಳಿಯಲ್ಲಿತ್ತು. ಐದು ವರ್ಷ ಅವನ ಕಾಲು ಗಾಳಿಯಲ್ಲೇ ಇತ್ತು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಎರಡು ಮದುವೆ, ಒಂದು ಸಾವು ಆಗಿಹೋದವು. ನನಗೆ ಕನ್ನಡಕ ಬಂತು.

ಮೊದಲು ಸಂಡೂರಿಗೆ ಫೋನ್ ಮಾಡಿದೆ. ಸಂಡೂರಿನಲ್ಲಿ ನನ್ನ ನೆಗೆಣ್ಣಿ ಇದ್ದಾಳೆ, ಅಂದರೆ ನನ್ನ ಮೈದುನನ ಹೆಂಡತಿ. ಒಂದೇ ಮನೆಗೆ ಸೊಸೆಯರಾಗಿ ಬಂದ ನೆಗೆಣ್ಣಿಯರು ಕಚ್ಚಾಡಲೇಬೇಕು ಅನ್ನುವುದು ನಮ್ಮ ಕಡೆಯವರ ನಂಬಿಕೆ. ನಮ್ಮಿಬ್ಬರನ್ನು ನೋಡಿ ಓಣಿಯವರಿಗೆ ಬೇಜಾರಾಗುತ್ತಿತ್ತು. ಇಬ್ಬರೂ ಒಲೆ ಮುಂದೆ ಪಿಸುಪಿಸು ಮಾತಾಡುತ್ತಿದ್ದರೆ ಅತ್ತೆಯ ಮೇಲೆ ಏನೋ ಹೂಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಕಾದಂಬರಿಯ ಉಪ್ಪಿನ ರಾಣಿಯ ಮೇಲೆ ಸೇನಾಪತಿ ಯಾಕೆ ದಂಡೆತ್ತಿ ಹೋಗಲಿಲ್ಲ ಎಂದು.

ಆ ಕಾದಂಬರಿಯ ಮೊದಲ ಭಾಗವನ್ನು ನನ್ನ ತಮ್ಮ ಹೊಸಪೇಟೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕೊಂಡಿದ್ದ. ಹತ್ತು ಪುಟ ಓದಿ, ಇದೆಲ್ಲ ಕಾಗಕ್ಕ ಗುಬ್ಬಕ್ಕನ ಕಥೆ ಎಂದು ನನ್ನ ಮಡಿಲಿಗೆ ಎಸೆದ. ಏಳು ಬಾವಿಗಳು, ಆ ಬಾವಿಗಳ ತಳದಲ್ಲಿ ಒಂದು ರಾಜ್ಯ. ಮೇಲಿನಿಂದ ಯಾರು ಬಾವಿಗೆ ಇಣುಕಿ ನೋಡಿದರೂ ಅವರ ನೆರಳು ಕೆಳಗಿನ ಊರಿನಲ್ಲಿ ಒಬ್ಬ ಮನುಷ್ಯನಾಗಿ ಉಳಿದುಬಿಡುತ್ತದೆ. ನೀರು ಸೇದಲು ಬಂದ ಒಬ್ಬ ಹೆಂಗಸು ಒಂದು ದಿನ ತನ್ನ ನೆರಳನ್ನು ಹುಡುಕಿಕೊಂಡು ಕೆಳಗಿಳಿಯುತ್ತಾಳೆ. ಕಥೆ ಅಲ್ಲಿಂದ ಶುರು. ಮೂರು ದಿನ ನಾನು ಬಾವಿಕಟ್ಟೆಯ ಕಡೆ ಹೋಗಲಿಲ್ಲ.

ನನ್ನ ನೆಗೆಣ್ಣಿ ಮದುವೆಯಾಗಿ ಬಂದದ್ದು ಆಂಧ್ರದ ಗಡಿಯಾಚೆಯ ಊರಿನಿಂದ. ಓದಿದ್ದೆಲ್ಲ ತೆಲುಗಿನಲ್ಲಿ. ಅಡುಗೆಮನೆಯ ಡಬ್ಬಿಗಳ ಮೇಲೆ ನಾನು ಬರೆದಿಟ್ಟ ಚೀಟಿಗಳನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದಳು. ಅತ್ತೆಯ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾದ ಅರ್ಧಕ್ಕೆ ಅಳುತ್ತಿದ್ದಳು. ಅವಳ ಅಳು ನಿಲ್ಲಿಸಲೆಂದು ಒಂದು ಮಧ್ಯಾಹ್ನ ಮಿಲ್ಲಿನ ತೌಡಿನ ಕೋಣೆಗೆ ಕರೆದುಕೊಂಡು ಹೋಗಿ ಮೊದಲ ಭಾಗದ ಮೊದಲ ಅಧ್ಯಾಯ ಓದಿ ಹೇಳಿದೆ. ತೌಡಿನ ಕೋಣೆಗೆ ಯಾರೂ ಬರುತ್ತಿರಲಿಲ್ಲ, ಮೈಯೆಲ್ಲ ತುರಿಸುತ್ತದೆ ಎಂದು. ಪಕ್ಕದಲ್ಲೇ ಮಿಲ್ಲು ಓಡುತ್ತಿದ್ದರೆ ನಾನು ಕೂಗಿ ಓದಬೇಕಿತ್ತು. ಕರೆಂಟು ಹೋಗಿ ಮಿಲ್ಲು ನಿಂತರೆ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆವು. ಒಂದು ದಿನ ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡುಬಿಟ್ಟರು.

"ಅದು ಯಾವ ಪುರಾಣ?" ಎಂದರು.

"ಬಾವಿ ಪುರಾಣರೀ ಅತ್ತಿ" ಎಂದೆ.

ಅತ್ತೆ ಕೈಮುಗಿದು ಹೋದರು. ಅಂದಿನಿಂದ ಮಧ್ಯಾಹ್ನ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ.

ಸೇನಾಪತಿಗೆ ನಾನು ನಮ್ಮ ಮಾವನ ದನಿ ಕೊಟ್ಟಿದ್ದೆ. ಮಾವ ಏನು ಹೇಳಬೇಕಾದರೂ ಮೊದಲು ಎರಡು ಸಲ ಗಂಟಲು ಕೆರೆಯುತ್ತಿದ್ದರು, ಆಮೇಲೆ "ಯಾರಲ್ಲಿ?" ಎನ್ನುತ್ತಿದ್ದರು, ಎದುರಿಗೇ ನಾವು ನಿಂತಿದ್ದರೂ. ಸೇನಾಪತಿಯೂ ಹಾಗೆಯೇ ಗಂಟಲು ಕೆರೆದ. ಮೊದಲ ಸಲ ಕೇಳಿದಾಗ ಅವಳು ನಕ್ಕು ನಕ್ಕು ತೌಡಿನ ಚೀಲದ ಮೇಲೆ ಉರುಳಿಬಿದ್ದಳು. ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಮೊದಲನೇ ಭಾಗ ಮುಗಿಯುವ ಹೊತ್ತಿಗೆ ಪುಟದ ಮೇಲೆ ಬೆರಳಿಟ್ಟು ತಾನೇ ಕೂಡಿಸಿ ಓದುತ್ತಿದ್ದಳು. ಮೂರನೆಯದು ಬರುವಷ್ಟರಲ್ಲಿ ನನಗಿಂತ ಜೋರಾಗಿ ಓದುತ್ತಿದ್ದಳು, ನನ್ನ ಭುಜದ ಮೇಲಿಂದ ಇಣುಕಿ, "ಜಲ್ದಿ ಪುಟ ತಿರುವ್ರಿ ಅಕ್ಕಾ" ಎನ್ನುತ್ತಿದ್ದಳು. ಆಗಲೇ ನನಗೆ ಸ್ವಲ್ಪ ಚುರುಕ್ ಅಂದಿತ್ತು. ಹೊಟ್ಟೆಕಿಚ್ಚು ನನ್ನಲ್ಲಿ ಹೊಸದಾಗಿ ಬಂದದ್ದಲ್ಲ, ಆವತ್ತಿನಿಂದಲೂ ಇದೆ.

ಮೂರನೇ ಭಾಗವಾದ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಮಿಲ್ಲು ನಮಗೆ ಉಳಿಯಿತು, ಮೈದುನ ಸಂಡೂರಿನಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಹಾಕಿಕೊಂಡ. ಗಂಡಸರು ಪಾತ್ರೆ ಪಗಡವನ್ನೆಲ್ಲ ಎರಡು ಮಾಡುತ್ತಿದ್ದಾಗ ನಾವಿಬ್ಬರು ಅಡುಗೆಮನೆಯಲ್ಲಿ ಕೂತು ನಮ್ಮದೊಂದು ಪಾಲು ಮಾಡಿಕೊಂಡೆವು. ಬಂದಿರುವ ಮೂರು ಭಾಗ ಅವಳಿಗೆ, ದೂರ ಹೋಗುವವಳು ಅವಳು ಅಂತ. ಇನ್ನು ಬರುವುದೆಲ್ಲ ಇಬ್ಬರಿಗೂ ಒಂದೇ ಪುಸ್ತಕ. ಎರಡು ಕೊಂಡರೆ ಒಬ್ಬಳು ಮುಂದೆ ಓದಿಬಿಡುತ್ತಾಳೆ, ಆ ವಿಷಯದಲ್ಲಿ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ.

ಹಾಗಾಗಿ ಪದ್ಧತಿ ಹೀಗೆ ಬೆಳೆಯಿತು. ಹೊಸ ಭಾಗ ಬಂದ ಕೂಡಲೇ ಇಬ್ಬರೂ ಹೊಸಪೇಟೆಯಲ್ಲಿ ಸೇರುತ್ತೇವೆ. ಅಂಗಡಿಯಿಂದ ಪುಸ್ತಕ ತೆಗೆದುಕೊಂಡು ನೇರವಾಗಿ ಮಾರ್ಕೆಟ್ಟಿನ ಹಿಂದಿನ ಬೈಂಡರ್ ಹತ್ತಿರ ಹೋಗುತ್ತೇವೆ. ಅವನು ಬೆನ್ನು ಬಿಚ್ಚಿ ನಟ್ಟನಡುವೆ ಕತ್ತರಿಸಿ, ಎರಡಕ್ಕೂ ರಟ್ಟು ಹಾಕಿ ಕೊಡುತ್ತಾನೆ. ಮೊದಲ ಸಲ ಹೊಚ್ಚ ಹೊಸ ಪುಸ್ತಕವನ್ನು ಅವನ ಕೈಗಿಟ್ಟಾಗ, "ಏನ್ರಿ ಅಮ್ಮಾ, ಮನಿ ಪಾಲಾತು ಅಂದ್ರ ಪುಸ್ತಕನೂ ಕಡಿಯೋದಾ?" ಎಂದು ಕಣ್ಣು ಬಿಟ್ಟಿದ್ದ. ಮೊದಲರ್ಧ ಒಬ್ಬಳಿಗೆ, ಎರಡನೆಯದು ಇನ್ನೊಬ್ಬಳಿಗೆ. ಮೊದಲರ್ಧ ಓದಿದವಳಿಗೆ ಮುಂದೆ ಹೋಗಲು ದಾರಿಯಿಲ್ಲ, ಎರಡನೆಯದು ಇಟ್ಟುಕೊಂಡವಳು ಅದನ್ನು ತೆರೆಯುವಂತಿಲ್ಲ. ಅದಕ್ಕೆ ಬೀಗವಿಲ್ಲ, ಮುದ್ರೆಯಿಲ್ಲ, ಮಾತೊಂದೇ. ಮೊದಲವಳು ಮುಗಿಸಿದ ಮೇಲೆ ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲಿನಲ್ಲಿ ಸೇರಿ, ಒಗ್ಗರಣೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಅದಲುಬದಲು ಮಾಡಿಕೊಳ್ಳುತ್ತೇವೆ. ಮೊದಲವಳು ಎರಡನೆಯ ಅರ್ಧವನ್ನೂ ಮುಗಿಸಿ ಇನ್ನೊಬ್ಬಳಿಗೆ ಕಳಿಸುತ್ತಾಳೆ, ಅವಳು ಓದಿ ವಾಪಸ್ಸು ಕೊಡುತ್ತಾಳೆ. ಇಬ್ಬರದೂ ಮುಗಿದ ಮೇಲೆ ಹಂಪಿಗೆ ಹೋಗಿ ಯಾವುದಾದರೂ ಮಂಟಪದ ನೆರಳಲ್ಲಿ ಕೂತು ಮನಸ್ಸಿಗೆ ಬಂದಷ್ಟು ಹೊತ್ತು ಜಗಳವಾಡುತ್ತೇವೆ. ಐದನೇ ಭಾಗ ಮುಗಿದಾಗ ಉಪ್ಪಿನ ರಾಣಿಯ ವಿಷಯಕ್ಕೆ ನಾವು ಎಷ್ಟು ಜೋರಾಗಿ ಕಿರುಚಿದ್ದೆವೆಂದರೆ, ಒಬ್ಬ ಗೈಡು ತನ್ನ ಪ್ರವಾಸಿಗಳನ್ನು ದೂರ ಕರೆದುಕೊಂಡು ಹೋದ.

ಹೀಗಾಗಿ ನಾಲ್ಕರಿಂದ ಏಳರವರೆಗೆ ಯಾರ ಮನೆಯಲ್ಲೂ ಒಂದು ಪೂರ್ತಿ ಪುಸ್ತಕವಿಲ್ಲ. ಕೊನೆಗೆ ಯಾರ ಕೈಯಲ್ಲಿ ಯಾವ ಅರ್ಧ ಉಳಿಯುತ್ತದೋ ಅದು ಅವರ ಕಪಾಟಿಗೆ. ಸರದಿ ಮಾತ್ರ ಎಂದೂ ತಪ್ಪಿಲ್ಲ. ನಾಲ್ಕನೆಯದರ ಮೊದಲರ್ಧ ಅವಳು ಓದಿದಳು, ಐದನೆಯದರದ್ದು ನಾನು, ಆರು ಅವಳು, ಏಳು ನಾನು. ಎಂಟನೆಯದು ಅವಳ ಪಾಳಿ. ಈ ಪಾಳಿಯ ವಿಷಯದಲ್ಲಿ ನಾವಿಬ್ಬರೂ ಕಟುಕರು. ಆರನೇ ಭಾಗ ಬಂದಾಗ ನನಗೆ ಆಪರೇಷನ್ ಆಗಿ ಮಲಗಿದ್ದೆ. ನೋಡಲು ಬಂದವಳು ಮೂಸಂಬಿ ಕೊಟ್ಟಳು, ಮೊದಲರ್ಧ ಕೊಡಲಿಲ್ಲ.

ಅಂಥವಳು ಈ ಸಲ ಬೈಂಡರ್ ಅಂಗಡಿಯ ಮುಂದೆ ನಿಂತು, ಇನ್ನೂ ಅಂಟು ಆರದ ಮೊದಲರ್ಧವನ್ನು ನನ್ನ ಚೀಲಕ್ಕೆ ಹಾಕಿದಳು.

"ನೀವೇ ಮೊದಲು ಓದ್ರಿ ಅಕ್ಕಾ" ಎಂದಳು.

"ಯಾಕ? ನಿನ್ನ ಪಾಳಿ ಐತಿ."

"ಇರ್ಲಿ ಬಿಡ್ರಿ. ನನಗೇನು ಗಡಿಬಿಡಿ ಇಲ್ಲ."

ಗಡಿಬಿಡಿ ಇಲ್ಲವಂತೆ! ಐದು ವರ್ಷ ಸೇನಾಪತಿಗಾಗಿ ಜೀವ ಬಿಡುತ್ತಿದ್ದವಳು. ಸೇನಾಪತಿ ಎಂದರೆ ಅವಳಿಗೆ ಅಷ್ಟು ಇಷ್ಟ. ನಾನು ಉಪ್ಪಿನ ರಾಣಿಯ ಪಕ್ಷ. ನನ್ನ ಕಿವಿ ನಿಮಿರಿತು. ಅದಕ್ಕೆ ಸರಿಯಾಗಿ ಅವತ್ತು ಬೆಳಿಗ್ಗೆ ಪುಸ್ತಕದಂಗಡಿಯವರು, "ಸಂಡೂರಿಗೂ ಒಂದು ಹೋಗೈತ್ರಿ ನಿನ್ನೆ" ಎಂದು ಏನೋ ಮಾತಿಗೆ ಹೇಳಿದ್ದರು. ಸಂಡೂರಿನಂಥ ಊರಿನಲ್ಲಿ ಕಾದಂಬರಿ ಓದುವವರು ಇನ್ನೊಬ್ಬರು ಇರಬಹುದು ಎಂದು ಯಾರಿಗಾದರೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ತನಗೆ ಅಂತ ಬೇರೆ ಪುಸ್ತಕ ತರಿಸಿಕೊಂಡಿದ್ದಾಳೆ, ನನಗೆ ಮಾತ್ರ ಕತ್ತರಿಸಿದ ತುಂಡು ಕೊಟ್ಟು ಸಮಾಧಾನ ಮಾಡುತ್ತಿದ್ದಾಳೆ ಎಂದು ಬಸ್ಸಿನಲ್ಲಿ ಕಂಪ್ಲಿ ಮುಟ್ಟುವವರೆಗೆ ಕುದಿಯುತ್ತಿದ್ದೆ.

ಹಾಗೆಂದು ಓದುವುದನ್ನು ಬಿಟ್ಟೆನೇ? ಇಲ್ಲ. ನಾಲ್ಕು ದಿನ ಮಧ್ಯಾಹ್ನ ಊಟವಾದ ಕೂಡಲೇ ಮಾಳಿಗೆಗೆ ಹೋಗಿ ನೀರಿನ ಟಾಕಿಯ ನೆರಳಲ್ಲಿ ಕೂತು ಓದಿದೆ. ಗಾಳಿಯಲ್ಲಿದ್ದ ಕಾಲು ಕೊನೆಗೂ ಕೆಳಗಿಳಿಯಿತು. ಉಪ್ಪಿನ ರಾಣಿಯ ಊರು ಕರಗುವ ಅಧ್ಯಾಯವನ್ನು ಎರಡು ಸಲ ಓದಿದೆ. ಮೊದಲರ್ಧದ ಕೊನೆಯ ಪುಟಗಳಲ್ಲಿ ಸೇನಾಪತಿ, ಮೊಟ್ಟಮೊದಲು ನಮಗೆ ಕಾಣಿಸಿಕೊಂಡಿದ್ದ ಅದೇ ಬಾವಿಯ ಅದೇ ಮೆಟ್ಟಿಲಿಗೆ ಬಂದು ಒರಗಿಕೊಂಡ. "ಯಾರಲ್ಲಿ? ಒಂದು ಕೊಡ ನೀರು" ಎಂದ. ಕೊಡ ಮೇಲೆ ಬರುವುದರೊಳಗೆ ಸತ್ತ.

ನಾನು ಸೇನಾಪತಿಯ ಪಕ್ಷದವಳಲ್ಲ ಎಂದೆನಲ್ಲ. ಆದರೂ ಅಳು ಬಂತು. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು, ಪುಟದ ಮೇಲಿನ ಆ "ಯಾರಲ್ಲಿ?" ನನಗೆ ಅವರ ದನಿಯಲ್ಲೇ ಕೇಳಿಸಿತು. ಅವರು ಹೋದ ದಿನ ಬಂದವರಿಗೆಲ್ಲ ಅಡುಗೆ, ಚಹಾ ಅಂತ ಓಡಾಡುತ್ತ ನಾನು ಅತ್ತಿರಲಿಲ್ಲ. ಮಾಳಿಗೆಯ ಮೇಲೆ ಕೂತು ಈಗ ಅತ್ತುಬಿಟ್ಟೆ. ಇದನ್ನು ಹೇಳಿಕೊಳ್ಳಲು ಲೋಕದಲ್ಲಿ ನನಗಿದ್ದವಳು ಒಬ್ಬಳೇ, ಅವಳಿಗೂ ಈಗಲೇ ಹೇಳುವಂತಿಲ್ಲ. ಕಣ್ಣೊರೆಸಿಕೊಂಡು ಫೋನ್ ಮಾಡಿದೆ.

"ನಂದು ಮುಗೀತು. ಶನಿವಾರ ಕಡ್ಡಿರಾಂಪುರಕ್ಕ ಬಾ."

"ಶನಿವಾರ ಆಗಂಗಿಲ್ಲಕ್ಕಾ. ಮನ್ಯಾಗ ಸ್ವಲ್ಪ ಕೆಲಸ ಐತಿ."

"ಮತ್ತ ಯಾವಾಗ?"

"ನೋಡೂಣ ತಗೊಳ್ರಿ. ಯಾಕ ಅವಸರ?"

ಅವಳ ಹಿಂದೆ ನಾಲ್ಕೈದು ಹೆಂಗಸರು ಒಟ್ಟಿಗೆ ನಕ್ಕದ್ದು ಕೇಳಿಸಿತು. ಯಾರೋ ಒಬ್ಬಳು "ಫೋನಿಡ್ರಿ ಅಕ್ಕಾ, ಓದ್ರಿ" ಎಂದಳು. ಓದ್ರಿ!

ಶನಿವಾರ ಮಧ್ಯಾಹ್ನ ಗಂಡನಿಗೆ, ಸಂಡೂರಿಗೆ ಹೋಗಿ ಉಪ್ಪಿನಕಾಯಿ ಕೊಟ್ಟು ಬರುತ್ತೇನೆ ಎಂದೆ. ಉಪ್ಪಿನಕಾಯಿ ಡಬ್ಬಿಯ ಕೆಳಗೆ ಮೊದಲರ್ಧ ಇಟ್ಟುಕೊಂಡೆ. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಸಂಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಅದಿರಿನ ಲಾರಿಗಳು ಒಂದರ ಹಿಂದೊಂದು ಬಂದು ಬಿಳಿ ಸೆರಗನ್ನು ಕೆಂಪು ಮಾಡಿದವು. ನಾನು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ನಿನಗೆ ಕನ್ನಡ ಯಾರು ಕಲಿಸಿದರು? ನಿನಗೆ ಈ ಪುಸ್ತಕ ಯಾರು ಕೊಟ್ಟರು? ತೌಡಿನಲ್ಲಿ ಮೈ ತುರಿಸಿಕೊಂಡು ಗಂಟಲು ಹರಿಯುವಂತೆ ಓದಿದವರು ಯಾರು? ಎಲ್ಲ ಪ್ರಶ್ನೆಗೂ ಉತ್ತರ ನಾನೇ ಆಗಿದ್ದೆ. ಬಹಳ ಹಿತವಾಗಿತ್ತು.

ನಾಲ್ಕು ಗಂಟೆಯ ಸುಮಾರಿಗೆ ಅವಳ ಮನೆ ಮುಟ್ಟಿದೆ. ಬಾಗಿಲ ಹೊರಗೆ ಆರು ಜೊತೆ ಹೆಂಗಸರ ಚಪ್ಪಲಿ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೋ ಎರಡು ಸಲ ಗಂಟಲು ಕೆರೆದರು. ನಮ್ಮ ಮಾವನೇ ಎದ್ದು ಬಂದು ಒಳಗೆ ಕೂತಂತಾಯಿತು. ಆಮೇಲೆ ನನ್ನ ನೆಗೆಣ್ಣಿಯ ದನಿ: "ಯಾರಲ್ಲಿ? ಒಂದು ಕೊಡ ನೀರು."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಅದು ನಾನು ಕಟ್ಟಿದ ದನಿ. ಅದು ನಮ್ಮ ಮಾವ ಎಂದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಸೇನಾಪತಿ ಸಾಯುವ ಜಾಗವನ್ನು, ನಾನು ಒಬ್ಬಳೇ ಕೂತು ಅತ್ತ ಜಾಗವನ್ನು, ಯಾರೋ ಹೆಂಗಸರಿಗೆ ಓದಿ ನಗಿಸುತ್ತಿದ್ದಾಳೆ! ನನಗೆ ಹೇಳದೆ ಪುಸ್ತಕ ತರಿಸಿಕೊಂಡು! ಬಸ್ಸಿನಲ್ಲಿ ಜೋಡಿಸಿದ್ದ ಮಾತೆಲ್ಲ ಮರೆತುಹೋಯಿತು. ಬಾಗಿಲು ದೂಡಿ ಒಳಗೆ ನಿಂತೆ.

"ಓದು, ಓದು. ಯಾಕ ನಿಲ್ಲಿಸಿದಿ?" ಎಂದೆ. "ಇನ್ನ ನಾಕು ಸಾಲಿಗೆ ಅಂವ ಸಾಯ್ತಾನ. ನೀರು ಕುಡೀದನ ಸಾಯ್ತಾನ. ಅದನ್ನೂ ಮಾವನ ದನಿ ಮಾಡಿ ಓದಿ ಇವರನ್ನ ನಗಸು."

ಚಾಪೆಯ ಮೇಲೆ ಆರು ಹೆಂಗಸರು. ನಡುವೆ ಅವಳು, ಮಡಿಲಲ್ಲಿ ಪುಸ್ತಕ. ಆ ಪುಸ್ತಕಕ್ಕೆ ಮುಂದಿನ ರಟ್ಟು ಇರಲಿಲ್ಲ. ಪುಟಗಳು ಕಂದಿದ್ದವು. ಅದರ ಮೂಲೆ ಕಿತ್ತದ್ದು ನನ್ನದೇ ಮಗಳು, ಅಂಬೆಗಾಲಿಡುತ್ತಿದ್ದಾಗ. ಅದು ಮೊದಲನೇ ಭಾಗ. ಸೇನಾಪತಿ ಮೊದಲ ಸಲ ಬಾವಿಯ ಮೆಟ್ಟಿಲಿಳಿದು ಬಂದು, ನೀರು ಸೇದುವವಳನ್ನು ನೋಡಿ ಜಂಬದಿಂದ ನೀರು ಕೇಳುವ ಜಾಗ. ಲೇಖಕ ಅದೇ ಮಾತನ್ನು ಅವನ ಬಾಯಿಗೆ ಸಾಯುವಾಗಲೂ ಕೊಟ್ಟಿದ್ದಾನೆ. ಇಷ್ಟು ವರ್ಷ ಓದಿದ ನಾನು, ಅದನ್ನು ಮರೆತು ನಿಂತಿದ್ದೆ.

ಅವಳು ನನ್ನನ್ನೇ ನೋಡುತ್ತಿದ್ದಳು. "ಸೇನಾಪತಿ?" ಎಂದಳು. ಪುಟದಿಂದ ಬೆರಳು ತೆಗೆದು, "ಎಂಟನೇದ್ರಾಗ?" ಎಂದಳು.

ಅವಳ ಮುಖ ನೋಡಿದ ಮೇಲೆ ಅವಳು ಎಂಟನೆಯದರ ಒಂದು ಸಾಲೂ ಓದಿಲ್ಲ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೇಳಿದ ಮಾತನ್ನು ವಾಪಸ್ಸು ನುಂಗಲು ಬರುವುದಿದ್ದರೆ ಅವತ್ತು ನುಂಗುತ್ತಿದ್ದೆ. ಉಪ್ಪಿನಕಾಯಿ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತೆ.

ಮಾತಾಡಿದ್ದು ಗೋಡೆಗೊರಗಿ ಕೂತಿದ್ದ ಒಬ್ಬ ಹೆಂಗಸು. ಕುರೆಕುಪ್ಪದಿಂದ ಬರುವವಳು, ಗಂಡ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಕ್ಕಿದ್ದಾನೆ ಎಂದು ಆಮೇಲೆ ಗೊತ್ತಾಯಿತು.

"ಎಷ್ಟನೇ ಪುಸ್ತಕದಾಗ ಸಾಯ್ತಾನ್ರಿ ಅಂವ?" ಎಂದು ನನ್ನನ್ನು ಕೇಳಿದಳು.

"ಎಂಟನೇದು."

"ಇದು ಎಷ್ಟನೇದು?"

"ಒಂದನೇದು" ಎಂದೆ.

"ಹಂಗಂದ್ರ ಇನ್ನಾ ಭಾಳ ದಿನ ಬದುಕ್ತಾನ ಬಿಡ್ರಿ" ಎಂದು ಅವಳು ನನ್ನ ನೆಗೆಣ್ಣಿಯ ಕಡೆ ತಿರುಗಿದಳು. "ಓದ್ರಿ ಅಕ್ಕಾ. ನನಗ ಐದೂವರಿ ಬಸ್ಸೈತಿ."

ನನ್ನನ್ನು ಅಕ್ಕಾ ಎನ್ನುತ್ತಿದ್ದವಳು ಈಗ ಇನ್ನೊಬ್ಬರಿಗೆ ಅಕ್ಕ. ಅಷ್ಟು ತಪ್ಪು ಮಾಡಿ ನಿಂತಿದ್ದರೂ ಅದು ನನಗೆ ಚುಚ್ಚಿತು. ನಾಚಿಕೆಗೂ ಹೊಟ್ಟೆಕಿಚ್ಚಿಗೂ ಒಂದೇ ಎದೆಯಲ್ಲಿ ಜಾಗವಿರುತ್ತದೆ ಎಂದು ಅವತ್ತೇ ತಿಳಿದದ್ದು. ನನ್ನ ನೆಗೆಣ್ಣಿ ಪುಟದ ಮೇಲೆ ಬೆರಳಿಟ್ಟು ಮತ್ತೆ ಶುರು ಮಾಡಿದಳು. ನಾನು ಬಾಗಿಲ ಹತ್ತಿರವೇ ಕೂತೆ. ಸೇನಾಪತಿಯ ಮಾತು ಮತ್ತೆ ಬಂತು. ಅವಳು ಗಂಟಲು ಕೆರೆಯಲಿಲ್ಲ. ಎಲ್ಲರ ಮಾತಿನಂತೆ ಅವನ ಮಾತನ್ನೂ ಓದಿ ಮುಂದೆ ಹೋದಳು. ಯಾರೂ ನಗಲಿಲ್ಲ.

ಹೆಂಗಸರು ಹೋದ ಮೇಲೆ ಚಹಾ ಮಾಡಿದಳು. ಸಕ್ಕರೆ ನನಗೆ ಕಡಿಮೆ ಎನ್ನುವುದನ್ನು ಮರೆತಿರಲಿಲ್ಲ. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಸಾವಕಾಶವಾಗಿ ಹೇಳಿದಳು. ಓಣಿಯ ಹೆಂಗಸರು, ಅವರ ಜೊತೆ ಕುರೆಕುಪ್ಪದವಳು, ನಾಲ್ಕು ತಿಂಗಳಿಂದ ಬರುತ್ತಿದ್ದಾರೆ. ಇಬ್ಬರಿಗೆ ಓದಲು ಬರುವುದಿಲ್ಲ, ಕಲಿಯುತ್ತಿದ್ದಾರೆ. ಈಚೆಗೆ ಅವರಿಗಾಗಿ ಮೊದಲನೆಯದನ್ನು ತೆಗೆದಳು. ತೆಗೆದ ಮೇಲೆ ತನಗೇ ಆಸೆಯಾಯಿತು, ಎಂಟನೆಯದಕ್ಕೆ ಕೈ ಹಾಕುವ ಮುಂಚೆ ಇನ್ನೊಮ್ಮೆ ಮೊದಲಿನಿಂದ ಬರೋಣ ಎಂದು.

"ಅಲ್ಲಿತನಕ ನಿಮ್ಮನ್ನ ಯಾಕ ಕಾಯಿಸೋದು ಅಂತ ಪಾಳಿ ಬಿಟ್ಟುಕೊಟ್ಟೆ" ಎಂದಳು.

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರ ನೀವು ಹಿಂಗ ಮಾಡ್ತೀರಿ ಅಂತ ಗೊತ್ತಿತ್ತು."

ನಾನು ಚಹಾದ ಲೋಟ ಕೆಳಗಿಟ್ಟೆ. "ಆ ದನಿ ನಿಮ್ಮದು ಅಂತ ಮೊದಲನೇ ದಿನಾನ ಅವರಿಗೆ ಹೇಳೀನಿ. ನಮ್ಮಕ್ಕ ಹಿಂಗ ಓದ್ತಿದ್ದರು, ತೌಡಿನ ಖೋಲಿಯಾಗ ಕುಂತು ಅಂತ" ಎಂದಳು. ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ತೌಡಿನ ಕೋಣೆಯನ್ನೂ ಕೊಟ್ಟುಬಿಟ್ಟಳಲ್ಲ ಎನ್ನಿಸಿತು.

ಚೀಲದಿಂದ ಮೊದಲರ್ಧ ತೆಗೆದು ಮುಂದಿಟ್ಟೆ. ಅವಳು ಎದ್ದು ಒಳಗೆ ಹೋಗಿ ಎರಡನೆಯ ಅರ್ಧ ತಂದಳು. ಸೀರೆಗಳ ನಡುವೆ ಇಟ್ಟಿದ್ದಳೆಂದು ಕಾಣುತ್ತದೆ, ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಎರಡನ್ನೂ ಒಂದರ ಮೇಲೊಂದು ಜೋಡಿಸಿ ನನ್ನ ಚೀಲಕ್ಕೇ ಹಾಕಿದಳು.

"ಎರಡೂ ನೀವೇ ಒಯ್ರಿ. ಎಂಟನೇದು ನಾನು ಈಗ ಓದಂಗಿಲ್ಲ. ಇವರ ಜೋಡಿ ಒಂದೊಂದೇ ಓದಿಕೊಂತ ಅಲ್ಲಿಗೆ ಬರ್ತೀನಿ. ಅಷ್ಟರಾಗ ನೀವು ಹೇಳಿದ್ದು ಮರ್ತ್ರ ಮರ್ತೆ."

"ಮತ್ತ ಹಂಪಿ?" ಎಂದು ಕೇಳಿದೆ. ಕೇಳಬಾರದಿತ್ತು.

"ನೀವು ಓದಿ ಮುಗಸ್ರಿ ಅಕ್ಕಾ" ಎಂದಳು ಅಷ್ಟೇ.

ಮೂರು ತಿಂಗಳು ಅವಳು ಫೋನ್ ಮಾಡಿದ್ದು ಹಬ್ಬಕ್ಕೆ, ಹರಿದಿನಕ್ಕೆ. ಆಮೇಲೆ ಒಂದು ದಿನ ತಾನಾಗಿ ಮಾಡಿದಳು. ಎರಡನೆಯದು ಮುಗಿಯಿತು, ಮೂರನೆಯದು ಮುಗಿಯುತ್ತ ಬಂದಿದೆ, ನಾಲ್ಕನೆಯದರ ಮೊದಲರ್ಧ ಕಂಪ್ಲಿಯಲ್ಲಿದೆ ಎಂದಳು. ಗೊತ್ತಿತ್ತು ನನಗೆ. ಈ ಫೋನು ಬರುತ್ತದೆ ಎಂದು ಕಾಯುತ್ತಲೇ ಇದ್ದೆ. ನಾಲ್ಕರಿಂದ ಏಳರವರೆಗೆ ಪ್ರತಿಯೊಂದರದ್ದೂ ಒಂದೊಂದು ಅರ್ಧ ನನ್ನ ಕಪಾಟಿನಲ್ಲಿದೆ. ಅಂಗಡಿಯಲ್ಲಿ ಹೊಸದು ಕೊಳ್ಳಬಹುದಿತ್ತು ಅವಳು. ಕೊಳ್ಳದೆ ನನ್ನನ್ನು ಕೇಳಿದಳು ಎಂದು ನನಗೆ ನಾನೇ ಹೇಳಿಕೊಂಡೆ.

"ಬಸ್ಸಿನವರ ಕೈಯಾಗ ಕೊಟ್ಟು ಕಳಿಸ್ರಿ, ಸಾಕು" ಎಂದಳು.

"ಬ್ಯಾಡ. ನಾನೇ ತರ್ತೀನಿ" ಎಂದೆ.

ಈಗ ಶನಿವಾರ ಬಂದರೆ ಎರಡು ಬಸ್ಸು ಹಿಡಿದು ಸಂಡೂರಿಗೆ ಹೋಗುತ್ತೇನೆ. ಅರ್ಧ ಪುಸ್ತಕ ಚೀಲದಲ್ಲಿ ಒಯ್ಯುತ್ತೇನೆ, ಓದಿಯಾದ ಮೇಲೆ ವಾಪಸ್ಸು ತರುತ್ತೇನೆ. "ಇಲ್ಲೇ ಇಟ್ಟು ಹೋಗ್ರಿ, ಭಾರ ಯಾಕ ಹೊರ್ತೀರಿ?" ಎಂದು ಎಲ್ಲರೂ ಹೇಳಿ ಆಯಿತು. ನಾನು ಕೇಳುವುದಿಲ್ಲ. ಪುಸ್ತಕ ಬೇಕೆಂದರೆ ನಾನೂ ಬರಬೇಕು, ಅಷ್ಟು ಬುದ್ಧಿ ನನಗಿದೆ. ಗೋಡೆ ಪಕ್ಕ ಒಂದು ಜಾಗ ಕೊಟ್ಟಿದ್ದಾರೆ. ಓದಲು ಮಾತ್ರ ಯಾರೂ ಹೇಳಿಲ್ಲ. ಸೇನಾಪತಿಯ ಮಾತು ಬಂದಾಗ ಈಗ ಆ ಕುರೆಕುಪ್ಪದವಳಿಗೆ ಪುಸ್ತಕ ಕೊಡುತ್ತಾರೆ. ಅಕ್ಷರ ಕೂಡಿಸಿಕೊಂಡು ನಿಧಾನ ಓದುತ್ತಾಳೆ, ತನ್ನ ಗಂಡನ ಸೂಪರ್‌ವೈಸರನ ದನಿ ಮಾಡುತ್ತಾಳೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನ್ನ ನೆಗೆಣ್ಣಿಯೂ ನಗುತ್ತಾಳೆ, ಚಾಪೆಯ ಮೇಲೆ ಉರುಳಿ. ಚೆನ್ನಾಗಿಯೇ ಓದುತ್ತಾಳೆ ಆ ಕುರೆಕುಪ್ಪದವಳು. ಅದೇ ನನಗೆ ಆಗಿಬರುವುದಿಲ್ಲ.

ಎಂಟನೆಯದರ ಎರಡನೇ ಅರ್ಧ ನನ್ನ ಕಪಾಟಿನಲ್ಲೇ ಇದೆ. ನಾನು ಅದನ್ನು ತೆರೆದಿಲ್ಲ. ದೊಡ್ಡತನದಿಂದಲ್ಲ. ಒಂದು ಸಲ ಮಾಳಿಗೆಗೆ ಒಯ್ದು ತೊಡೆಯ ಮೇಲಿಟ್ಟುಕೊಂಡು ಕೂತೆ. ಸೇನಾಪತಿ ಇಲ್ಲದ ಬಾವಿಯಲ್ಲಿ ಏನಾಯಿತು ಎಂದು ತಿಳಿಯುವ ಆಸೆ ನನಗಿಲ್ಲವೇ? ಐದು ವರ್ಷ ಕಾದದ್ದು ಅದಕ್ಕೇ. ಆದರೆ ಓದಿ ಮುಗಿಸಿದ ಮೇಲೆ ಎದುರಿಗೆ ಕೂತು ಕಿರುಚಲು ಯಾರೂ ಇಲ್ಲ ಎಂದು ನೆನಪಾಯಿತು. ಕೆಳಗಿಳಿದು ಅಕ್ಕಿ ಆರಿಸಿದೆ.

ಹೋದ ಶನಿವಾರ ಅವಳು ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದಳು. ನಾನು ಆ ರಂಪ ಮಾಡಿದ ಮೇಲೆ ಬಂದದ್ದು ಅದೇ ಮೊದಲು. ಹೊಸಪೇಟೆಯ ಬಸ್ಸು ತಡವಾಗಿತ್ತು. ಅದೂ ಇದೂ ಮಾತಾಡಿದಳು. ಆಮೇಲೆ ರಸ್ತೆಯ ಕಡೆ ನೋಡುತ್ತ ಕೇಳಿದಳು.

"ಎಂಟನೇದು ಮುಗಸಿದ್ರ್ಯಾ ಅಕ್ಕಾ?"

"ಇಲ್ಲ. ಎರಡನೇ ಅರ್ಧ ತಗದೇ ನೋಡಿಲ್ಲ."

"ಹೇಳ್ರಿ, ಪರವಾಗಿಲ್ಲ. ನಾನೇನು ಸಿಟ್ಟಾಗಂಗಿಲ್ಲ."

"ಖರೇನ ಓದಿಲ್ಲವ್ವಾ. ನೀನು ಬರಲಿ ಅಂತ ಇಟ್ಟೀನಿ."

ಅವಳು ನನ್ನ ಮುಖ ನೋಡಿದಳು. ನಾನೂ ನೋಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಮೆಲ್ಲಗೆ ನಕ್ಕು, "ಆತು ಬಿಡ್ರಿ" ಎಂದಳು. ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತೆ. ಅವಳು ಕೈ ಬೀಸಿದಳು, ನಾನೂ ಬೀಸಿದೆ. ನಾನು ಹೇಳಿದ್ದು ನಿಜ. ಅವಳು ನಂಬಲಿಲ್ಲ.